ಎಮ್ಮೆಯ ಜಾರುಗಂಟು

ಇಚಲಕರಂಜಿಯ ಹೊಳೆದಂಡೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ಹಾಲು ಮಾರುತ್ತಿದ್ದಳು. ಮಳೆಗಾಲ ಶುರುವಾದರೆ ರೇಷನ್ ಕಾರ್ಡು, ಆಧಾರ್ ಎಲ್ಲವನ್ನೂ ಹಾಲಿನ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದಳು. ಎಮ್ಮೆಯನ್ನು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟಿನಲ್ಲಿ ಕಟ್ಟುತ್ತಿದ್ದಳು. "ಹೊಳಿಗಿ ಕಣ್ಣಿಲ್ಲರಿ, ನಾವ ನೋಡ್ಕೋಬೇಕು" ಅನ್ನುತ್ತಿದ್ದಳು.

ಕಳೆದ ಮಹಾಪೂರದಲ್ಲಿ ನಮ್ಮನ್ನು ಸಾಗಿಸಲು ಬಂದ ಸರ್ಕಾರಿ ಸಾಹೇಬ ಎಮ್ಮೆಯನ್ನು ಲಾರಿಗೆ ಹತ್ತಿಸಗೊಡಲಿಲ್ಲ.

"ಎಮ್ಮಿ ಬಿಟ್ಟ ಬಾ, ನಂತರ ನೋಡೂಣು."

ನಂತರ ಎಂದರೆ ಯಾವಾಗ, ಅದು ಸತ್ತು ತೇಲಿದ ಮೇಲೆಯೇ? ಆಕೆ ಗಂಟು ಎಳೆದು, ಕ್ಯಾನು ಹೊತ್ತು, ಎಮ್ಮೆಯ ಜೊತೆ ನಮ್ಮನ್ನೆಲ್ಲ ಇಳಿಸಿದ್ದ ಕೊರೋಚಿಯ ಶಾಲೆಯ ತನಕ ಮಳೆಯಲ್ಲೇ ನಡೆದಳು.

ಮರುದಿನ ಆ ಶಾಲೆಗೆ ಬಂದ ಅದೇ ಸಾಹೇಬ ಅದೇ ಎಮ್ಮೆಯ ಹಾಲಿನ ಚಹಾ ಕುಡಿದು, ನಾಚಿಕೆಯಿಲ್ಲದೆ ಇನ್ನೊಂದು ಕಪ್ ಕೇಳಿದ.

ಆಕೆ ಸುರಿದುಕೊಟ್ಟಳು. "ಹೊಳಿಗಷ್ಟ ಕಣ್ಣಿಲ್ಲ ಅಂತ ತಿಳಕೊಂಡಿದ್ನಿರಿ, ಸಾಹೇಬ್ರ."