ಅಜ್ಜಿಯ ದೋಸೆ ಹೆಂಚಿನ ಮೇಲೆ ವೇಲ್ಸ್ ಕೇಕು

"ಅಯ್ಯೋ, ನನ್ ಎಂಚು!" ಎಂದು ಅಜ್ಜಿ ನಂಜನಗೂಡಿನ ನಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ನಾನಾಗ ಒಂಬತ್ತನೆಯ ಕೇಕನ್ನು ಮಗುಚುತ್ತಿದ್ದೆ. ವೇಲ್ಸ್‌ನಲ್ಲಿದ್ದ ನನ್ನ ಪತ್ರಮಿತ್ರೆ ಏರ್‌ಮೇಲ್ ಕಾಗದದಲ್ಲಿ ಬರೆದು ಕಳಿಸಿದ್ದ ತಿಂಡಿ ಅದು. ಮೈದಾ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಕಲಸಿ ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ ಹೆಂಚಿನ ಮೇಲೆ ಬೇಯಿಸಬೇಕು. ಮೊಟ್ಟೆ ನಮ್ಮ ಮನೆಯೊಳಗೆ ಬರುವುದಿಲ್ಲವಾದ್ದರಿಂದ ಒಂದು ರಸಬಾಳೆಹಣ್ಣು ಕಿವುಚಿ ಹಾಕಿದ್ದೆ. ಕರಗಿದ ಸಕ್ಕರೆ ಹೆಂಚಿಗೆ ಕರ್ರಗೆ ಅಂಟಿಕೊಂಡಿತ್ತು.

"ನರಸೀಪುರದಿಂದ ನಮ್ಮವ್ವ ಕೊಟ್ಟಿದ್ದು ಕಣೇ ಇದು. ದೋಸೆ ಏಳಾಕಿಲ್ಲ ಅಂತ ಚಪಾತೀನೂ ಆಕ್ದೋಳಲ್ಲ ನಾನು. ನಿನ್ ಗೆಣೆಕಾತಿ ಕಾಗ್ದದ್ ಜೊತೆ ಒಂದ್ ಎಂಚೂ ಕಳಿಸ್ಬಾರ್ದಿತ್ತಾ?"

ಮರುದಿನ ಹೊಯ್ದ ಎಂಟು ದೋಸೆಗಳಲ್ಲಿ ಎಂಟೂ ಹರಿದವು. ಡೈರಿಯಲ್ಲಿ ಬರೆದುಕೊಂಡೆ. ಅಂದಿನಿಂದ ದಿನಾ ಸಂಜೆ ಹೆಂಚಿಗೆ ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ತಿಕ್ಕುವ ಕೆಲಸ ನನ್ನದಾಯಿತು. ಹರಿದ ದೋಸೆಗಳ ಲೆಕ್ಕ ಆರಕ್ಕೆ, ಮೂರಕ್ಕೆ, ಒಂದಕ್ಕೆ ಇಳಿಯಿತು. ಹತ್ತನೆಯ ದಿನ ಎಲ್ಲವೂ ಇಡಿಯಾಗಿ ಎದ್ದವು.

"ಬರ್ಕೊ, ಸೊನ್ನೆ" ಎಂದ ಅಜ್ಜಿ, ನಾನು ಪೆನ್ನು ಮುಚ್ಚುವ ಮೊದಲೇ ಮಾಗಿದ ರಸಬಾಳೆಯೊಂದನ್ನು ತಂದು ನನ್ನ ಮುಂದಿಟ್ಟರು. "ಆ ಬಿಲ್ಲೆ ಇನ್ನೊಂದ್ಸಲ ಮಾಡು. ಅವತ್ತು ಕ್ವಾಪದಲ್ಲಿ ರುಚೀನೇ ನೋಡ್ನಿಲ್ಲ."

ಹನ್ನೊಂದನೆಯ ದಿನದ ಪುಟದಲ್ಲಿ ಹೀಗಿದೆ: ಕೇಕು ಹನ್ನೆರಡು, ಅಜ್ಜಿ ತಿಂದದ್ದು ಐದು. ಅದರ ಮರುದಿನ: ಹರಿದ ದೋಸೆ ಎಂಟು. ಆ ಸಲ ಈರುಳ್ಳಿ ಹಿಡಿದು ಹೆಂಚು ತಿಕ್ಕಲು ಕೂತವರು ಅಜ್ಜಿಯೇ.