ಖಂಡೆಪ್ಪ ತುಳಿಸಿದ ಕೆರೆ

ಖಂಡೆಪ್ಪನಿಗೆ ಕೂರಲು ಬರುವುದಿಲ್ಲ. ಅರವತ್ತೊಂದು ವರ್ಷದಲ್ಲಿ ಆತ ಏನೇನೋ ಕಲಿತ. ಕುರಿ ನಡೆಯುವುದನ್ನು ನೋಡಿಯೇ ಅದರ ಬೇನೆ ಹೇಳುತ್ತಾನೆ, ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸೊಗಸಾಗಿ ಜಗಳ ಆಡುತ್ತಾನೆ. ಒಂದು ಕಡೆ ನೆಟ್ಟಗೆ ಕೂರುವುದನ್ನು ಮಾತ್ರ ಕಲಿಯಲಿಲ್ಲ. ಮದುವೆಯ ಊಟದ ಪಂಕ್ತಿಯಲ್ಲೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಾನೆ, ಯಾರಾದರೂ ಕರೆದರೆ ಎದ್ದು ಓಡುವವನ ಹಾಗೆ. "ಇವರ ಕಾಲಾಗ ಚಕ್ರ ಅದ" ಎಂದು ಹೆಂಡತಿ ಲಕ್ಷ್ಮಿಬಾಯಿ ನಲವತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ.

ಚಕ್ರಕ್ಕೆ ಕಾರಣವಿತ್ತು. ರಾಯಿಕೋಡ್ ಹತ್ತಿರದ ಆ ಊರಲ್ಲಿ ಶಿವರಾತ್ರಿಗೆ ಮುಂಚೆಯೇ ಹಿಂಡಿಗೆ ಸಾಲುವಷ್ಟು ನೀರು ಉಳಿಯುತ್ತಿರಲಿಲ್ಲ. ಖಂಡೆಪ್ಪ ನೂರಿಪ್ಪತ್ತು ಕುರಿ ಹೊಡೆದುಕೊಂಡು ಹೊರಟರೆ ಧಾರೂರು, ತಾಂಡೂರು, ಬೊಮ್ರಾಸಪೇಟ್ ಎಂದು ಅಲೆಯುತ್ತ, ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಕುರಿ ನಿಲ್ಲಿಸುತ್ತ, ಮೊದಲ ಮಳೆ ಬಿದ್ದ ಮೇಲೇ ತಿರುಗಿ ಬರುತ್ತಿದ್ದ. ಮಕ್ಕಳು ಹುಟ್ಟಿದಾಗಲೂ ಇರಲಿಲ್ಲ, ಅಪ್ಪ ಸತ್ತಾಗಲೂ ಇರಲಿಲ್ಲ. ತನ್ನ ಮನೆಯ ಅಂಗಳದಲ್ಲಿ ಬೇಸಿಗೆ ಹೇಗಿರುತ್ತದೆ ಎಂಬುದೇ ಆತನಿಗೆ ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಆತ ಹೀಗೇ ಧಾರೂರು ಕಡೆ ಇದ್ದಾಗ ಊರಲ್ಲಿ ಕೆರೆಯೊಂದು ಎದ್ದಿತು. ಜಹೀರಾಬಾದಿನ ಒಂದು ಸೇವಾ ಸಂಸ್ಥೆ ಮೊದಲೇ ಊರಿಗೆ ಶಾಲೆ ಕಟ್ಟಿತ್ತು, ಹೆಣ್ಣುಮಕ್ಕಳಿಗೆಂದು ಶೌಚಾಲಯ ಕಟ್ಟಿ ಬೋರು ಕೊರೆಸಿತ್ತು. ಈಗ ಶಾಲೆಯ ಮೇಲಿನ ಕೆಂಪು ದಿಬ್ಬದಲ್ಲಿ ಕೆರೆ ಮಾಡಿತು. ಯಾಕೆ, ಹೇಗೆ ಎಂದು ಸಭೆ ಕರೆದು ಹೇಳಿತು ಕೂಡ. ಹೇಳಿದ್ದು ಅರ್ಧ ಮಂದಿಗೆ ತಿಳಿಯಲಿಲ್ಲ, ಉಳಿದರ್ಧ ಮಂದಿ ಚಹಾ ಮುಗಿದ ಕೂಡಲೇ ಎದ್ದು ಹೋಗಿದ್ದರು. ಖಂಡೆಪ್ಪನಂತೂ ಊರಲ್ಲೇ ಇರಲಿಲ್ಲ.

ಆತ ಬಂದ ವಾರಕ್ಕೆ ದೊಡ್ಡ ಮಳೆಯಾಗಿ ಕೆರೆ ತುಂಬಿತು. ನಾಲ್ಕೇ ದಿನದಲ್ಲಿ ಬರಿದಾಯಿತು. ಕಟ್ಟೆಯ ಮೇಲೆ ನಿಂತು ಊರವರು ನಕ್ಕಿದ್ದೇ ನಕ್ಕಿದ್ದು. ಖಂಡೆಪ್ಪನಿಗೆ ಆ ನಗು ಮೈಗೆ ಚುಚ್ಚಿತು. ಮೊಮ್ಮಗಳು ಭವಾನಿ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಹೋಗುತ್ತಿದ್ದಳು. ಅವರ ವಂಶದಲ್ಲಿ ಅಷ್ಟು ಓದಿದವರು ಯಾರೂ ಇಲ್ಲ. ಅಂಥ ಸಂಸ್ಥೆಯವರ ಮರ್ಯಾದೆ ಹೋಗುವುದನ್ನು ನೋಡುತ್ತ ನಿಲ್ಲುವುದು ಹೇಗೆ? ಬತ್ತಿದ ಹಳೇ ಕುಂಟೆಯ ಕರಿಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತರಿಸಿ ಕೆರೆಯ ತಳಕ್ಕೆಲ್ಲ ಹರಡಿದ. ಮಣ್ಣು ಹಸಿಯಾಗಿರುವಾಗಲೇ ಮೂರು ಮುಂಜಾನೆ ನೂರಿಪ್ಪತ್ತು ಕುರಿಗಳನ್ನೂ ಅದರೊಳಗೆ ಬಿಟ್ಟು ಸುತ್ತಿಸಿದ. ಕುರಿಯ ಗೊರಸು ತುಳಿದ ಕರಿಮಣ್ಣು ಹನಿ ನೀರು ಬಿಡುವುದಿಲ್ಲ, ಇದು ಅವನಪ್ಪ ಕಲಿಸಿದ ವಿದ್ಯೆ.

ಮುಂದಿನ ಮಳೆಯ ನೀರು ನಿಂತಿತು. ದಸರೆಗೂ ನಿಂತಿತು, ಸಂಕ್ರಾಂತಿಗೂ ಮೊಣಕಾಲುದ್ದ ನಿಂತಿತ್ತು. ಊರವರು ನಗುವುದು ಬಿಟ್ಟರು. ಕೆರೆ ನೋಡಿಕೊಳ್ಳುವ ಭೀಮೇಶ ಎಂಬ ತಾಂಡೂರಿನ ಎಂಜಿನಿಯರು ಒಮ್ಮೆ ಬಂದು, ಈ ಸಲ ಮಳೆ ಜೋರು ಎಂದುಕೊಂಡು ಫೋಟೋ ಹೊಡೆದುಕೊಂಡು ಹೋದ. ಲಕ್ಷ್ಮಿಬಾಯಿ ಹೊರಸಿಗೆ ಹೊಸ ಹಗ್ಗ ಹೆಣೆಸಿದಳು. "ಈ ಬ್ಯಾಸಿಗಿ ಮನ್ಯಾಗs ಇರ್ತೀರಿ. ಕೂಡಾಕ ಕಲೀರಿ ಈಗ" ಎಂದಳು. ಖಂಡೆಪ್ಪ ಹೊರಸಿನ ಮೇಲೆ ಕೂತು ನೋಡಿದ, ಎದ್ದ, ಮತ್ತೆ ಕೂತ. ಒಳಗೊಳಗೆ ಬಹಳ ಖುಷಿಯಾಗಿದ್ದ.

ಫೆಬ್ರುವರಿಯಲ್ಲಿ ಶಾಲೆಯ ಬೋರು ಗಾಳಿ ಉಗುಳಿತು. ವಾರಕ್ಕೆರಡು ಸಲ ಬರುವ ಟ್ಯಾಂಕರು ಕುಡಿಯುವುದಕ್ಕೂ ಅಡುಗೆಗೂ ಸರಿಹೋಯಿತು, ಶೌಚಾಲಯಕ್ಕೆ ಬೀಗ ಬಿತ್ತು. ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. "ಭವಾನಿ ಇನ್ನ ಮನ್ಯಾಗ ಇರ್ಲಿ, ಓದಿದ್ದು ಸಾಕು" ಎಂದ ಖಂಡೆಪ್ಪನ ಮಗ ಸುನೀಲ್. ಹುಡುಗಿ ಪುಸ್ತಕದ ಚೀಲವನ್ನು ಗೋಡೆಯ ಗೂಟಕ್ಕೆ ನೇತುಹಾಕಿದಳು. ಖಂಡೆಪ್ಪ ಮನೆಗೂ ಶಾಲೆಗೂ ದಿನಕ್ಕೆ ಹತ್ತು ಸಲ ತಿರುಗಿದ.

ಮಂಗಲಾ ಟೀಚರು ಭೀಮೇಶನನ್ನು ಕರೆಸಿದರು. ಮೇಲೆ ಕೆರೆಯಲ್ಲಿ ನೀರಿದೆ, ಕೆಳಗೆ ಬೋರು ಒಣಗಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ಕಟ್ಟೆಯ ಮೇಲಿಂದ ಉದ್ದನೆಯ ಕೋಲನ್ನು ನೀರಿನ ತಳಕ್ಕೆ ಚುಚ್ಚಿ ಎಳೆದ.

"ಇದು ಕೆಂಪು ಭೂಮಿ. ಕರಿಮಣ್ಣು ಎಲ್ಲಿಂದ ಬಂತ್ರಿ?"

"ನಾನs ಹಾಕಿಸೀನ್ರಿ" ಎಂದ ಖಂಡೆಪ್ಪ, ಎದೆ ಉಬ್ಬಿಸಿ. ಕುರಿ ತುಳಿಸಿದ್ದನ್ನೂ ಬಿಡದೆ ಹೇಳಿದ.

ಭೀಮೇಶ ಕೋಲಿನ ತುದಿಗೆ ಅಂಟಿದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ. "ಕಾಕಾ, ಈ ಕೆರಿ ಸೋರ್ಲಿ ಅಂತs ಕಟ್ಟಿದ್ದು. ನೀರು ನೆಲದಾಗ ಇಳದು ಸಾಲಿ ಬೋರಿಗೆ ಸೇರಬೇಕಿತ್ತು. ನೀವು ಬುಡಾನೇ ಮುಚ್ಚಿಬಿಟ್ಟೀರಿ."

ಖಂಡೆಪ್ಪ ಒಂದು ಸುತ್ತು ಕೆರೆಯ ಕಟ್ಟೆ ಸುತ್ತಿ ಬಂದು ಕೇಳಿದ: "ಈಗ ಏನ್ ಮಾಡಾಕ ಬರ್ತದ?"

"ನೀರಿಗಿಳದು ಹಾರೆಲೆ ತಳ ಒಡದ್ರ ಇಳೀತದ. ಖರೇ, ಬೋರಿಗೆ ಮುಟ್ಟೇ ಮುಟ್ತದ ಅಂತ ನಾ ಮಾತು ಕೊಡಾಂಗಿಲ್ರಿ."

ಶಾಲೆಯ ಮುಂದೆ ಮತ್ತೆ ಸಭೆ ಸೇರಿತು. ಈ ಸಲ ಚಹಾ ಮುಗಿದರೂ ಯಾರೂ ಏಳಲಿಲ್ಲ. ಕೆರೆಯ ತಳ ಒಡೆಯುವ ಮಾತು ಖಂಡೆಪ್ಪನ ಬಾಯಿಂದ ಬಂದದ್ದೇ ನಾಲ್ಕು ಎಮ್ಮೆಯ ಪಾಂಡಪ್ಪ ಸಿಡಿದೆದ್ದ. "ಕಣ್ಣಿಗೆ ಕಾಣೋ ನೀರ್ ಕಳಕೊಂಡು ಕಾಣದ ನೀರಿನ ಹಿಂದ ಹೋಗಂತೀಯೇನು? ತಲಿ ಕೆಟ್ಟದೇನು ನಿನಗ?"

"ಪಾಂಡಪ್ಪ, ನಿನ್ನವು ನಾಕು ಎಮ್ಮಿ. ಅವು ಊರ ಬಾವಿ ನೀರಿನ ಮ್ಯಾಲೂ ಬದಕ್ತಾವ. ನನ್ನವು ನೂರಾ ಇಪ್ಪತ್ತು ಕುರಿ, ಹೆಚ್ಚು ಕಳಕೊಳ್ಳಾಂವ ನಾನs" ಎಂದ ಖಂಡೆಪ್ಪ. "ಮುಚ್ಚಿದಾಂವ ನಾನು. ನಾನs ಒಡೀತೀನಿ."

ಮರುದಿನ ಆತ ಹಾರೆ ಹಿಡಿದು ನೀರಿಗಿಳಿದ. ತಾನು ತುಳಿಸಿದ ತಳ ಅಷ್ಟು ಗಟ್ಟಿಯಾಗಿದೆ ಎಂದು ಆತ ಎಣಿಸಿರಲಿಲ್ಲ. ಹಾರೆ ಪುಟಿದು ಪುಟಿದು ಅಂಗೈ ಬೊಬ್ಬೆ ಎದ್ದಿತು. ಎರಡನೆಯ ದಿನ ಸುನೀಲ್ ಸಲಿಕೆ ಹಿಡಿದು ಪಕ್ಕಕ್ಕೆ ಬಂದು ನಿಂತ. ಒಡೆದ ಕಡೆಯೆಲ್ಲ ಗುಳ್ಳೆ ಎದ್ದವು. ಎಂಟು ದಿನಕ್ಕೆ ಕೆರೆಯಲ್ಲಿ ಉಳಿದದ್ದು ಕೆಸರು. ಕುರಿಗಳು ಬಂದು ಕೆಸರು ಮೂಸಿ ಒದರಿದಾಗ ಖಂಡೆಪ್ಪ ಆ ಕಡೆ ನೋಡಲಾರದೆ ಹೋದ.

ಬೋರು ಮಾತ್ರ ಇನ್ನೂ ಗಾಳಿಯನ್ನೇ ಉಗುಳುತ್ತಿತ್ತು.

ಕುರಿಗಳಿಗೆ ನೀರು ಬೇಕು. ಖಂಡೆಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡ. ಲಕ್ಷ್ಮಿಬಾಯಿ ರೊಟ್ಟಿ ಕಟ್ಟಿಕೊಟ್ಟಳು, ಹೊರಸನ್ನು ಎತ್ತಿ ಗೋಡೆಗೆ ಒರಗಿಸಿದಳು.

"ಸುನೀಲಾ, ಭವಾನಿನ್ನ ಸಾಲಿ ಪೂರಾ ಬಿಡಿಸಬ್ಯಾಡ" ಎಂದ ಹೊಸ್ತಿಲಲ್ಲಿ.

"ಹದಿನೈದು ದಿನ ನೋಡ್ತೀನಿ. ಆಮ್ಯಾಲ ಕೇಳಬ್ಯಾಡ."

ನಾರಾಯಣಖೇಡದ ಕಡೆ ಮಂಜೀರಾ ದಂಡೆಯಲ್ಲಿ ಮೇವಿತ್ತು, ನೀರಿತ್ತು. ಖಂಡೆಪ್ಪನಿಗೆ ಮಾತ್ರ ಒಂದು ಜಾಗದಲ್ಲಿ ನಿಲ್ಲಲಾಗಲಿಲ್ಲ. ಫೋನಿಗೆ ಸಿಗ್ನಲ್ ಸಿಗುವ ಬಂಡೆಗೂ ಹಿಂಡಿಗೂ ನಡುವೆ ನಡೆದು ನಡೆದು ಹುಲ್ಲಿನಲ್ಲಿ ದಾರಿ ಬಿದ್ದಿತು. ಸಂಜೆ ಸಂಜೆ ಮೊಮ್ಮಗಳು ಒಂದೇ ಮಾತು ಹೇಳುತ್ತಿದ್ದಳು: "ಗಾಳೀನೇ ಬರ್ತದ ಮುತ್ಯಾ." ಹತ್ತನೆಯ ದಿನ ಅದನ್ನೂ ಹೇಳಲಿಲ್ಲ, "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿದಳು. ಒಳ್ಳೆಯದು ಮಾಡಲು ಹೋಗಿ ಹುಡುಗಿಯ ಬಾಳನ್ನು ತನ್ನ ಕುರಿಗಳಿಂದಲೇ ತುಳಿಸಿದೆನಲ್ಲ ಎಂದುಕೊಂಡು ಆತ ಮತ್ತೆ ಬಂಡೆಯ ಕಡೆ ನಡೆದ.

ಹದಿನಾಲ್ಕನೆಯ ದಿನ ಮಧ್ಯಾಹ್ನವೇ ಫೋನು ಬಂತು. ಸಂಜೆಗೆ ಬರಬೇಕಾದದ್ದು ಮಧ್ಯಾಹ್ನ ಬಂದಿದ್ದಕ್ಕೆ ಬಂಡೆಯ ಹತ್ತಿರವೇ ಇದ್ದ ಖಂಡೆಪ್ಪ ಹೆದರಿಯೇ ಎತ್ತಿದ.

"ಮುತ್ಯಾ, ಸುಮ್ನ ಕೇಳು" ಎಂದಳು ಭವಾನಿ.

ಮೊದಲು ಗೊರಗೊರ ಸದ್ದು. ಅದು ಗಾಳಿ, ಆತನಿಗೆ ಗೊತ್ತು. ಆಮೇಲೆ ಖಾಲಿ ಬಕೆಟ್ಟಿನ ತಳಕ್ಕೆ ಏನೋ ರಪರಪ ಬಿದ್ದಿತು. ನಿಲ್ಲಲಿಲ್ಲ. ದೂರದಲ್ಲಿ ಹುಡುಗಿಯರು ಕಿರುಚಿದರು, ಮಂಗಲಾ ಟೀಚರು ಗದರಿದರು. ಖಂಡೆಪ್ಪ ಬಂಡೆಯ ಮೇಲೆ ಎರಡೂ ಮೊಣಕಾಲು ಮಡಿಚಿ ಕೂತುಬಿಟ್ಟ. ಕಣ್ಣು ಒರೆಸಿಕೊಳ್ಳಲಿಲ್ಲ. ಬೀಳುವ ನೀರಿನ ಸದ್ದು ಮೆಲ್ಲಮೆಲ್ಲನೆ ದಪ್ಪವಾಗುತ್ತ ಬಂತು.

"ಕೇಳ್ತದೇನ್ ಮುತ್ಯಾ?"

"ಕೇಳ್ತದವ್ವ" ಎಂದ ಖಂಡೆಪ್ಪ. "ಬಕೆಟ್ ತುಂಬ್ಯದ. ನಳ ಬಂದ್ ಮಾಡು."