ಹದಿಮೂರನೆಯ ಪಾಠ

ನಾನು ನಿಂತಿದ್ದದ್ದು ಕಾಪು ದೀಪಸ್ತಂಭದ ಬಂಡೆಯ ತೆಂಕು ಬದಿಯಲ್ಲಿ, ಒಣ ಮರಳು ಮುಗಿದು ಹಸಿ ಮರಳು ತೊಡಗುವ ಗೆರೆಯ ಮೇಲೆ. ನಾಗರ ಪಂಚಮಿಯ ಮರುದಿನ, ಭಾನುವಾರ, ಸಂಜೆ ನಾಲ್ಕು ಗಂಟೆ ದಾಟಿ ಕೆಲವು ನಿಮಿಷ. ಹೊಸ ಪೈಸೆಗಳು ಬಂದು ಎರಡು ವರ್ಷವಾಗಿತ್ತು. ಕಾಪು ಅಂಚೆ ಕಚೇರಿಗೆ ನಾನು ಗುಮಾಸ್ತನಾಗಿ ಸೇರಿದ ಮೇಲೆ ಅದು ಮೂರನೆಯ ಮಳೆಗಾಲ. ನನ್ನ ಎಡಕ್ಕೆ ಮೂರು ಮಾರು ದೂರದಲ್ಲಿ ಅವರು ನಿಂತಿದ್ದರು. ಮೈಮೇಲೆ ಅವರಿಗಿಂತ ಒಂದೂವರೆ ಪಟ್ಟು ದೊಡ್ಡದಾದ ಬಿಳಿ ಅಂಗಿ.

ಇದನ್ನು ಬರೆಯುವಂತೆ ಮಾಡಿದ್ದು ಒಂದು ಸಣ್ಣ ಪುಸ್ತಕ. ಕಳೆದ ತಿಂಗಳು ಉಡುಪಿಯ ಕಡಿಯಾಳಿಯ ರದ್ದಿ ಅಂಗಡಿಗೆ ಹಳೆಯ ಪೇಪರು ಹಾಕಲು ಹೋಗಿದ್ದಾಗ ತಕ್ಕಡಿಯ ಪಕ್ಕದ ರಾಶಿಯಲ್ಲಿ ಕಂಡಿತು. ‘ಮನೆಯಲ್ಲೇ ಈಜು ಕಲಿಯಿರಿ: ಹನ್ನೆರಡು ಪಾಠಗಳು.’ ರಕ್ಷಾಪುಟದ ಒಳಮೈಗೆ ಒಂದು ಚೀಟಿ ಅಂಟಿಸಿತ್ತು. ಚೀಟಿಯ ಅಂಚಿನ ಸುತ್ತ ಹಸಿರು ನೀಲಿ ಕಲೆ. ಮೈದಾ ಅಂಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿದರೆ ಆಗುವ ಕಲೆ ಅದು. ಆ ಅಂಟನ್ನು ಕಾಯಿಸುತ್ತಿದ್ದ ಒಲೆ ನನಗೆ ಗೊತ್ತು. ಅಂಗಡಿಯವನು ಹಣ ಬೇಡವೆಂದ. ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಿದ್ದೇನೆ. ರಾತ್ರಿ ಅದನ್ನು ಕಪಾಟಿನೊಳಗೆ ಹಾಕಿ ಬಾಗಿಲು ಮುಚ್ಚುತ್ತೇನೆ, ಬೆಳಿಗ್ಗೆ ಮತ್ತೆ ತೆಗೆಯುತ್ತೇನೆ.

ಆ ಪುಸ್ತಕ ಬರೆದವರೇ ಅಂದು ನನ್ನ ಎಡಕ್ಕೆ ನಿಂತಿದ್ದವರು. ಕಾಪುವಿನಲ್ಲಿ ಅವರನ್ನು ಎಲ್ಲರೂ ವಿ.ಪಿ. ಮಾಸ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಉಡುಪಿಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ, ಕಣ್ಣು ಮಂಜಾದ ಮೇಲೆ ಊರಿಗೆ ಬಂದವರು. ಬಂದು ತಾವೇ ಪುಸ್ತಕ ಬರೆಯತೊಡಗಿದರು. ಶಾಯಿ ತಯಾರಿಸುವುದು ಹೇಗೆ, ಕೈಗಡಿಯಾರ ಬಿಚ್ಚಿ ಜೋಡಿಸುವುದು ಹೇಗೆ, ಮೂವತ್ತು ದಿನಗಳಲ್ಲಿ ಹಾರ್ಮೋನಿಯಂ, ಆಮೇಲೆ ಈಜು. ವಾರಪತ್ರಿಕೆಯಲ್ಲಿ ಎರಡು ಸಾಲಿನ ಜಾಹೀರಾತು ಹಾಕುತ್ತಿದ್ದರು. ಬಯಲುಸೀಮೆಯಿಂದ ಕಾರ್ಡುಗಳು ಬರುತ್ತಿದ್ದವು. ಅವನ್ನೆಲ್ಲ ಅಡುಗೆಮನೆಯ ಗೋಡೆಯ ತಂತಿಗೆ ಪೋಣಿಸುತ್ತಿದ್ದರು. ಅವರ ವಿಧವೆ ತಂಗಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಅಂಟು ಕಾಯಿಸಿ, ಹಾಳೆ ಮಡಚಿ, ಹೊದಿಕೆ ಸುತ್ತುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರ ಮಾಸ್ಟ್ರು ಬಟ್ಟೆಯ ಚೀಲ ಹೊತ್ತು ನನ್ನ ಕಿಟಕಿಗೆ ಬರುತ್ತಿದ್ದರು. ಒಂದೊಂದು ಕಟ್ಟಿಗೂ ವಿ.ಪಿ. ಚೀಟಿ ಬರೆದು ಮುದ್ರೆ ಹೊಡೆಯುವುದು ನನ್ನ ಕೆಲಸವಾಗಿತ್ತು. ಓದುಗ ಅಲ್ಲಿ ಹಣ ಕೊಟ್ಟು ಬಿಡಿಸಿಕೊಂಡರೆ ಇಲ್ಲಿ ಅವರ ಅನ್ನ.

ಈಜಿನ ಪುಸ್ತಕದ ಮೊದಲ ಪ್ರತಿ ಕಂಡಾಗ ಕೇಳಿದ್ದೆ, “ನೀವು ಈಜುವುದು ಎಲ್ಲಿ ಮಾಸ್ಟ್ರೆ? ನಾನು ನೋಡಲೇ ಇಲ್ಲ.”

“ನಾನು ಪಂಚಾಂಗಕ್ಕೂ ಮೊಳೆ ಜೋಡಿಸಿದ್ದೇನೆ ಮಾರಾಯ್ರೆ. ಹಾಗೆಂದು ನಾನು ಜೋಯಿಸನಾ?” ಎಂದು ನಕ್ಕರು. ಆಮೇಲೆ ಕಿಟಕಿಗೆ ಬಾಗಿ ದನಿ ತಗ್ಗಿಸಿದರು. “ಈಜು ಬರುವವನಿಗೆ ಬರೆಯಲಿಕ್ಕೆ ಬರುವುದಿಲ್ಲ. ಅವನಿಗೆ ಎಲ್ಲ ಸಲೀಸು. ಬಾರದವನೇ ಅಲ್ವಾ ಒಂದೊಂದು ಹೆಜ್ಜೆಯನ್ನೂ ಕಣ್ಣಿಟ್ಟು ನೋಡುವುದು?”

ಮಾತು ಸುಳ್ಳಾಗಿರಲಿಲ್ಲ. ದೇವಸ್ಥಾನದ ಕೆರೆಯ ಮೆಟ್ಟಿಲಿನಲ್ಲಿ ಎರಡು ಬೇಸಗೆ ಕೂತು, ಈಜುವವರ ಕೈ ಎಲ್ಲಿ ಏಳುತ್ತದೆ, ಉಸಿರು ಯಾವಾಗ ಬಿಡುತ್ತಾರೆ ಎಂದು ಬರೆದುಕೊಂಡಿದ್ದರು. ಮೊದಲ ಪಾಠ ಬೆಂಚಿನ ಮೇಲೆ ಬೋರಲು ಮಲಗಿ ಕಾಲಾಡಿಸುವುದು. ಮೂರನೆಯದು ಬೋಗುಣಿಯ ನೀರಿನಲ್ಲಿ ಮುಖ ಅದ್ದುವುದು. ಏಳನೆಯದು, ಹೆದರಿದಾಗ ಕೈಕಾಲು ಬಡಿಯದೆ ಅಂಗಾತ ತೇಲುವುದು. ಕಲಿತವರಿದ್ದರು. ಕಲಿತೆವೆಂದು ಬರೆದವರಿದ್ದರು. ಮಾಸ್ಟ್ರಿಗೆ ಈಜು ಬಾರದೆಂದು ತಿಳಿದಿದ್ದವರು ಅಕ್ಕ ಮತ್ತು ನಾನು, ಇಬ್ಬರೇ.

ಆ ಭಾನುವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ನಾನಿದ್ದಾಗ ಒಬ್ಬರು ಬಂದರು. ನಲ್ವತ್ತರ ಆಸುಪಾಸು, ತಲೆಗೆ ರುಮಾಲು, ಕಂಕುಳಲ್ಲಿ ಗಂಟು. ಗದಗ ಸೀಮೆಯ ದರ್ಜಿ. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಆಗುಂಬೆ ಘಾಟಿ ಇಳಿಯುವ ಬಸ್ಸು, ಆ ಮಳೆಯಲ್ಲಿ. ಬಂದವರೇ ಮಾಸ್ಟ್ರ ಕಾಲು ಮುಟ್ಟಿದರು.

“ನಾ ನಿಮ್ಮ ಶಿಷ್ಯಾರೀ ಗುರುಗಳ. ಸಣ್ಣವ ಇದ್ದಾಗಿಂದ ನೀರಂದ್ರ ಜೀಂವ ಹೋಗ್ತಿತ್ತು. ಈಗ ನಮ್ಮೂರ ಕೆರ್ಯಾಗ ಈ ದಂಡಿಯಿಂದ ಆ ದಂಡಿಗೆ ಹೋಗ್ತೀನಿ. ನಿಮ್ಮ ಪುಸ್ತಕ ಓದೇ ಕಲ್ತೇನ್ರೀ!”

ಗಂಟಿನಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಕೊನೆಗೆ ಒಂದು ಅಂಗಿ ಹೊರಬಂತು. ಅಳತೆಯಿಲ್ಲದೆ ಹೊಲಿದದ್ದು. ಮಾಸ್ಟ್ರು ತೊಟ್ಟರು. ಭುಜ ಮೊಣಕೈಯತ್ತ ಜಾರಿತು, ತೋಳು ಬೆರಳು ಮುಚ್ಚಿತು. ಬಾಗಿಲ ಸಂದಿನಲ್ಲಿದ್ದ ಅಕ್ಕ, “ಇನ್ನೊಬ್ಬರು ಒಳಗೆ ಹಿಡಿಯುತ್ತಾರೆ ಅಣ್ಣ” ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ದರ್ಜಿ ನಾಲಗೆ ಕಚ್ಚಿಕೊಂಡರು. “ಈಜೋ ಮಂದಿ ಎದಿ ಅಗಲ ಇರ್ತೈತಿ ಅಂತ ಹಿಂಗ ಹೊಲದ್ಯಾರೀ. ತಪ್ಪಾತು.” ಎಲ್ಲರೂ ನಕ್ಕೆವು. ಮಾಸ್ಟ್ರು ನಗಲಿಲ್ಲ. ಅಂಗಿಯನ್ನು ಬಿಚ್ಚಲೂ ಇಲ್ಲ.

ಕಡಲು ನೋಡಬೇಕೆಂದರು ದರ್ಜಿ. ನೋಡುವುದಕ್ಕೇನು ಎಂದು ಹೊರಟೆವು, ಅಕ್ಕನೂ ಬಂದರು. ವಾರದ ಮಳೆ ಆ ದಿನ ಹೊಳವಾಗಿತ್ತು. ಬಿಸಿಲಿತ್ತು. ಬಂಡೆಯ ತೆಂಕಕ್ಕೆ ನೀರು ನಯವಾಗಿ, ಹೆಚ್ಚು ನೊರೆಯಿಲ್ಲದೆ ಕಾಣುತ್ತಿತ್ತು. ನೊರೆಯಿಲ್ಲದ ಆ ಪಟ್ಟಿಯೇ ಒಳಗೆಳೆಯುವ ಜಾಗವೆಂದು ಕಾಪುವಿನ ಮಕ್ಕಳಿಗೂ ಗೊತ್ತು. ನೂಲ ಹುಣ್ಣಿಮೆಯಂದು ಮೀನುಗಾರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಒಪ್ಪಿಸಿ ಪೂಜೆ ಮಾಡುವವರೆಗೆ ಯಾರೂ ನೀರಿಗಿಳಿಯುವುದಿಲ್ಲ, ದೋಣಿಯೂ ಇಳಿಯುವುದಿಲ್ಲ. ಹುಣ್ಣಿಮೆಗೆ ಇನ್ನೂ ಒಂಬತ್ತು ದಿನವಿತ್ತು. ಕಾರ್ಕಳದ ಕಡೆಯವನಾದ ನನಗೂ ಅದು ಮೊದಲ ವರ್ಷವೇ ತಿಳಿದಿತ್ತು.

ದರ್ಜಿ ರುಮಾಲು ಬಿಚ್ಚಿದರು. “ಬರ್ರಿ ಗುರುಗಳ, ಜೋಡಿ ಈಜೂಣು. ನನ್ನ ಕೈ ಸರಿ ಬೀಳ್ತಾವೋ ಇಲ್ಲೋ ನೋಡ್ರಿ.”

“ಇವತ್ತು ಬೇಡ” ಎಂದರು ಮಾಸ್ಟ್ರು.

“ಯಾಕ್ರೀ?”

ಈ ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತೆಂದು ನಾನು ಹಲವು ಸಲ ನೆನೆಸಿಕೊಂಡಿದ್ದೇನೆ. ಎರಡು ಅಲೆ ಬಂದು ಹೋದವು. ಕಡಲಿನ ಕ್ರಮವನ್ನು ಹೇಳಿದ್ದರೆ ಸಾಕಿತ್ತು. ಆದರೆ ಅವರ ತಲೆಯಲ್ಲಿದ್ದದ್ದು ಕಡಲಲ್ಲ, “ಜೋಡಿ” ಎಂಬ ಮಾತು. ಅವರು ತೋಳಿನೊಳಗಿಂದ ಬೆರಳು ಹೊರತೆಗೆದು ಮೂಗು ಒರೆಸಿಕೊಂಡರು.

“ನನಗೆ ನೆಗಡಿ. ನೀವು ಹೋಗಿ… ಮೊಣಕಾಲಿನವರೆಗೆ ಮಾತ್ರ.”

ಅಕ್ಕ ನನ್ನನ್ನು ನೋಡಿದರು. ನಾನು ಅಕ್ಕನನ್ನು ನೋಡಿದೆ. ನಾನೂ ಹೇಳಲಿಲ್ಲ. ದೊಡ್ಡವರ ಮರ್ಯಾದೆ ಉಳಿಯಲಿ ಎಂದುಕೊಂಡೆ.

ದರ್ಜಿ ಮೊಣಕಾಲಿನಷ್ಟು ನೀರಿನಲ್ಲಿ ನಿಂತು ತಿರುಗಿ ಕೈಮುಗಿದರು. ಆಮೇಲೆ ಪುಸ್ತಕದಲ್ಲಿದ್ದಂತೆ ಎರಡೂ ಕೈ ಮುಂದೆ ಚಾಚಿ ನೀರಿಗೆ ಬಿದ್ದರು. ಹತ್ತು ಹನ್ನೆರಡು ಸಲ ಕೈ ಚೆನ್ನಾಗಿಯೇ ಬಿತ್ತು. ಅಷ್ಟರಲ್ಲಿ ಅವರು ಬಂಡೆಯ ಸಾಲಿಗೆ ಹೋಗಿಬಿಟ್ಟಿದ್ದರು. ನಾವು ನಿಂತಲ್ಲೇ ಇದ್ದೆವು, ಅವರು ಮಾತ್ರ ಸಣ್ಣಗಾಗುತ್ತಿದ್ದರು. ಒಮ್ಮೆ ತಲೆ ಕಂಡಿತು. ಮತ್ತೆ ಕೈ. ಮತ್ತೆ…

ಮಾಸ್ಟ್ರು ಕೂಗಿದರು. ಅಂಥ ಕೂಗು ಅವರ ಗಂಟಲಿನಲ್ಲಿದೆಯೆಂದು ನನಗೆ ತಿಳಿದಿರಲಿಲ್ಲ. “ನನಗೆ ಈಜು ಬರುವುದಿಲ್ಲ! ನನಗೆ ಬರುವುದಿಲ್ಲ! ಯಾರಾದರೂ ಬನ್ನಿ!” ಕೂಗುತ್ತಲೇ ನೀರಿಗೆ ನಡೆದರು. ಸೊಂಟದವರೆಗೆ ಹೋದಾಗ ಆ ದೊಡ್ಡ ಅಂಗಿ ಗಾಳಿ ತುಂಬಿ ಉಬ್ಬಿತು. ನಾನು ಓಡಿ ಹಿಂದಿನಿಂದ ಅಂಗಿಯನ್ನು ಹಿಡಿದೆ. ನನಗೂ ಈಜು ಬಾರದು.

ಕವುಚಿ ಹಾಕಿದ ದೋಣಿಗಳ ಮರೆಯಲ್ಲಿ ಬಲೆ ಸರಿಪಡಿಸುತ್ತಿದ್ದ ನಾಲ್ಕೈದು ಜನ ಓಡಿ ಬಂದರು. ಅವರ ಮುಖ್ಯಸ್ಥರಾದ ಗುರಿಕಾರರು ನೀರಿನ ಅಂಚಿನಲ್ಲಿ ನಿಂತುಬಿಟ್ಟರು. ಪೂಜೆಯಾಗದೆ ನೀರಿಗಿಳಿಯದ ಕ್ರಮವನ್ನು ಊರಿಗೆ ಕಾಯುತ್ತಿದ್ದವರು ಅವರೇ. ಮುಂಡಾಸು ಬಿಚ್ಚಿ ಮರಳ ಮೇಲಿಟ್ಟರು, ಕಡಲಿಗೆ ಕೈಮುಗಿದರು, ಸೊಂಟಕ್ಕೆ ಹುರಿಹಗ್ಗ ಬಿಗಿದು ಇನ್ನೊಂದು ತುದಿಯನ್ನು ಕಿರಿಯ ಮಗನ ಕೈಗೆ ಕೊಟ್ಟರು. “ಬಿಡಬೇಡ” ಎಂದಷ್ಟೇ ಹೇಳಿ ನೀರಿಗೆ ಹಾರಿದರು.

ದರ್ಜಿಯನ್ನು ಎಳೆದು ತಂದು ಬೋರಲು ಹಾಕಿದಾಗ ಮೈ ಬೂದಿಯ ಬಣ್ಣವಾಗಿತ್ತು. ಬೆನ್ನು ಒತ್ತಿದರು. ನೀರು ಹೋಯಿತು. ಇನ್ನೂ ಒತ್ತಿದರು. ಆಮೇಲೆ ಕೆಮ್ಮು ಬಂತು.

ಗುರಿಕಾರರು ಉಸಿರು ಸಿಕ್ಕಿದ ಮೇಲೆ ಮಾಸ್ಟ್ರ ಕಡೆಗೆ ತಿರುಗಿದರು. “ಕಡಲಿನ ಬಾಗಿಲು ಹಾಕಿದೆ ಎಂದು ನಿಮ್ಮ ಪುಸ್ತಕದಲ್ಲಿ ಬರೆಯಲಿಲ್ಲವಾ ಮಾಸ್ಟ್ರೆ?”

“ಅದು… ಅದು ಎಲ್ಲರಿಗೂ ಗೊತ್ತುಂಟಲ್ಲ.”

“ಯಾರಿಗೆ ಗೊತ್ತುಂಟು? ಗದಗದವರಿಗಾ?”

ಮಾಸ್ಟ್ರು ಮರಳಿನ ಮೇಲೆ ಕೂತರು. ಉಸಿರು ಬಿಡುವುದು ಯಾವಾಗ ಎಂಬುದನ್ನೂ ಬಿಡದೆ ಬರೆದಿದ್ದ ಮನುಷ್ಯ, ತಾನು ಹುಟ್ಟಿದಂದಿನಿಂದ ತಿಳಿದಿದ್ದ ಒಂದನ್ನು ಬರೆದಿರಲಿಲ್ಲ. ಅಷ್ಟರಲ್ಲಿ ದರ್ಜಿ ಕಣ್ಣು ತೆರೆದರು. ಮಾಸ್ಟ್ರ ಕೂಗು ಅವರಿಗೆ ಕೇಳಿರಲಿಲ್ಲ, ಆಗ ಅವರ ಕಿವಿ ನೀರಿನಡಿಯಲ್ಲಿತ್ತು. “ಗುರುಗಳ” ಎಂದರು. “ಏಳನೇ ಪಾಠ ಮರ್ತ್ಯಾ. ನಂದ ತಪ್ಪು.”

ಮರುದಿನ ಬೆಳಿಗ್ಗೆ ಅವರನ್ನು ಬಸ್ಸಿಗೆ ಹತ್ತಿಸುವಾಗ ನಾನಿದ್ದೆ. ಮಾಸ್ಟ್ರು ಬಸ್ಸಿನ ಕಿಟಕಿಯ ಸರಳು ಹಿಡಿದು, “ನಿಮಗೊಂದು ಮಾತು ಹೇಳಲಿಕ್ಕುಂಟು” ಎಂದರು. ದರ್ಜಿ ಅವರನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ. ಮಾಸ್ಟ್ರು, “ಮನೆ ಮುಟ್ಟಿದ ಕೂಡಲೇ ಕಾರ್ಡು ಹಾಕಿ” ಎಂದರು.

ಅಂದಿನಿಂದ ಮಾಸ್ಟ್ರು ಸರಿಯಾಗಿ ಉಣ್ಣುತ್ತಿಲ್ಲ ಎಂದು ಅಕ್ಕ ಹೇಳಿದರು. ತಂತಿಯಿಂದ ಕಾರ್ಡುಗಳನ್ನು ಕಳಚಿ, ಅವುಗಳಲ್ಲಿದ್ದ ಒಂದೊಂದು ವಿಳಾಸಕ್ಕೂ ಬರೆಯತೊಡಗಿದರು. ಕಣ್ಣು ಕಾಣದೆ ಅಕ್ಷರ ಸಾಲು ಬಿಟ್ಟು ಏರುತ್ತಿತ್ತು. ಇವರಲ್ಲಿ ಯಾರು ಈಗ ಯಾವ ನೀರಿನ ದಂಡೆಯಲ್ಲಿದ್ದಾರೋ ಎಂಬುದೊಂದೇ ಮಾತು. ನನ್ನ ಕಿಟಕಿಗೆ ದಿನವೂ ಬಂದು, “ಯಾರದ್ದಾದರೂ ಕಾರ್ಡು ವಾಪಸು ಬಂತಾ?” ಎಂದು ಕೇಳುವರು. ಉಳಿದ ಪ್ರತಿಗಳಿಗೆ ಅಂಟಿಸಲು ಉಡುಪಿಯಲ್ಲಿ ಚೀಟಿ ಅಚ್ಚು ಹಾಕಿಸಿದರು. ಅದು ಈಗ ನನ್ನ ಮೇಜಿನ ಮೇಲಿದೆ:

‘ಹದಿಮೂರನೆಯ ಪಾಠ. ಕೆರೆಯಲ್ಲಿ ಈಜಿದವರು ಅದನ್ನು ನಂಬಿ ಕಡಲಿಗೆ ಇಳಿಯಬಾರದು. ಮಳೆಗಾಲದಲ್ಲಿ, ಸಮುದ್ರ ಪೂಜೆಗೆ ಮೊದಲು, ಪಾದವನ್ನೂ ಇಡಬಾರದು. ಸ್ಥಳದವರನ್ನು ಕೇಳಿರಿ. ಈ ಪುಸ್ತಕ ಬರೆದವನಿಗೆ ಈಜು ಬರುವುದಿಲ್ಲ.’

ದರ್ಜಿಗೆ ಹಾಕುವ ಕಾರ್ಡನ್ನು ಕೊನೆಗೆ ಬರೆದರು. ಶುಕ್ರವಾರ ಅದನ್ನು ಡಬ್ಬಕ್ಕೆ ಹಾಕದೆ ನನ್ನ ಕೈಯಲ್ಲೇ ಇಟ್ಟು, ಮುದ್ರೆ ಬೀಳುವವರೆಗೆ ನಿಂತಿದ್ದರು. ನಾನು ಓದಲಿಲ್ಲ. ಓದದಿದ್ದರೂ ಕೊನೆಯ ಸಾಲು ಕಣ್ಣಿಗೆ ಬಿತ್ತು. ‘ನೆಗಡಿ ಇರಲಿಲ್ಲ’ ಎಂದಿತ್ತು.

ನೂಲ ಹುಣ್ಣಿಮೆ ಕಳೆದು ಎರಡನೆಯ ದಿನ ಅವರ ಹೆಸರಿಗೆ ಒಂದು ಪೊಟ್ಟಣ ಬಂತು. ಬಿಳಿ ಬಟ್ಟೆಯಲ್ಲಿ ಹೊಲಿದಿತ್ತು, ಹೊಲಿಗೆ ಬಹಳ ಒತ್ತೊತ್ತಾಗಿತ್ತು. ಕಿಟಕಿಯ ಬಳಿಯೇ ಬಿಚ್ಚಿದರು. ಒಂದು ಅಂಗಿ. ಪತ್ರವಿರಲಿಲ್ಲ. ತೊಟ್ಟುಕೊಂಡರು. ಭುಜ ಭುಜದಲ್ಲಿ ನಿಂತಿತು, ತೋಳು ಮಣಿಕಟ್ಟಿನಲ್ಲಿ ನಿಂತಿತು. ಬಸ್ಸಿನ ಕಿಟಕಿಯಿಂದ ಆ ದರ್ಜಿ ಕಣ್ಣಿನಲ್ಲೇ ಅಳತೆ ತೆಗೆದಿದ್ದರು.

ಮಾಸ್ಟ್ರು ಪೊಟ್ಟಣದ ಬಟ್ಟೆಯನ್ನು ನನ್ನ ಕಡೆಗೆ ನೂಕಿದರು. “ನನಗೆ ಕಾಣುವುದಿಲ್ಲ. ಮುದ್ರೆಯ ತಾರೀಕು ನೋಡಿ ಮಾರಾಯ್ರೆ. ಕಾರ್ಡು ಮುಟ್ಟಿದ ಮೇಲೆ ಕಳಿಸಿದ್ದಾ, ಮೊದಲೇ ಕಳಿಸಿದ್ದಾ?”

ನಾನು ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಮುದ್ರೆ ಸ್ಪಷ್ಟವಾಗಿತ್ತು. ಗುರುವಾರದ ತಾರೀಕು. ಅವರ ಕಾರ್ಡು ಇಲ್ಲಿಂದ ಹೊರಟದ್ದು ಅದರ ಮರುದಿನ.

“ಮುಟ್ಟಿದ ಮೇಲೆಯೇ ಮಾಸ್ಟ್ರೆ” ಎಂದೆ. “ಓದಿಯೇ ಕಳಿಸಿದ್ದು.”

ಅವರು ಅದೇ ಅಂಗಿಯಲ್ಲಿ ಮನೆಗೆ ನಡೆದರು. ಅಂದು ಸರಿಯಾಗಿ ಉಂಡರೆಂದು ಅಕ್ಕ ಹೇಳಿದರು.

ಆ ದರ್ಜಿಯಿಂದ ಮುಂದೆ ಕಾರ್ಡು ಬರಲಿಲ್ಲ. ಬರುವ ಟಪಾಲನ್ನು ವಿಂಗಡಿಸುತ್ತಿದ್ದವನು ನಾನೇ, ಹಾಗಾಗಿ ಬಲ್ಲೆ. ಚೀಟಿ ಅಂಟಿಸಿದ ಮೇಲೆ ಪುಸ್ತಕಗಳೂ ಹೋಗಲಿಲ್ಲ. ಆರು ವರ್ಷದ ನಂತರ ಮಾಸ್ಟ್ರು ತೀರಿಕೊಂಡಾಗ ನಾನು ಕಾರ್ಕಳಕ್ಕೆ ವರ್ಗವಾಗಿದ್ದೆ. ಸುದ್ದಿ ತಿಳಿಯುವಾಗ ಮೂರು ದಿನ ಕಳೆದಿತ್ತು. ಆ ಅಂಗಿಯನ್ನೇ ತೊಡಿಸಿ ಕಳಿಸಿದೆವು ಎಂದು ಅಕ್ಕ ಬರೆದಿದ್ದರು. ಆಗ ಅಕ್ಕನಿಗೆ ನಿಜ ಹೇಳಿ ಪತ್ರ ಬರೆಯಬೇಕೆಂದು ಕೂತೆ… ಬರೆಯಲಿಲ್ಲ.

ಗುರಿಕಾರರು ಹೋಗಿ ನಲ್ವತ್ತು ವರ್ಷವಾಯಿತು. ಅಂದು ಬಂಡೆಯ ಬಳಿ ಆದದ್ದನ್ನು ಕಂಡವರಲ್ಲಿ ಈಗ ಬದುಕಿರುವವರು, ನನಗೆ ತಿಳಿದ ಮಟ್ಟಿಗೆ, ಮೂವರು. ಹಗ್ಗದ ತುದಿ ಹಿಡಿದಿದ್ದ ಕಿರಿಯ ಮಗ, ಮಲ್ಪೆಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ. ಅಕ್ಕ, ಅಂಬಲಪಾಡಿಯಲ್ಲಿ ಮಗಳ ಮನೆಯಲ್ಲಿ, ಕಿವಿ ಕೇಳುವುದಿಲ್ಲ. ಮೂರನೆಯವನು ನಾನು. ಪೊಟ್ಟಣದ ಮೇಲಿನ ಮುದ್ರೆಯನ್ನು ಓದಿದವನು ನಾನೊಬ್ಬನೇ.